ಬರಹಗಾರರಿಗೆ ಸಲಹೆ: ‘ಒಂದು ಹನಿ ರಕ್ತ’ದ ಲೇಖನ ಏಕೆ ವಾಪಸ್ ಬರುತ್ತಿದೆ

ಆತ್ಮೀಯರೇ,

‘ಒಂದು ಹನಿ ರಕ್ತ, ಇಪ್ಪತ್ತು ವರ್ಷದ ಮುನ್ಸೂಚನೆ’ ಎಂಬ ನಿಮ್ಮ ಲೇಖನ ಓದಿದೆವು. ಆಲ್ಝೈಮರ್ ಮತ್ತಿತರ ನರಕ್ಷಯ ಕಾಯಿಲೆಗಳನ್ನು ರಕ್ತ ಪರೀಕ್ಷೆಯಿಂದಲೇ ಪತ್ತೆ ಮಾಡಬಹುದು, ನಲವತ್ತು ದಾಟಿದವರೆಲ್ಲ ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನಿಮ್ಮ ವಾದ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆಯ ಬಗ್ಗೆ ತಕರಾರಿಲ್ಲ, ಲೇಖನ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಅಂಕಿ ಬಂದ ಕಡೆಯೆಲ್ಲ ಅದು ಯಾರನ್ನು ಪರೀಕ್ಷಿಸಿ ಬಂದದ್ದು, ಯಾವುದಕ್ಕೆ ಹೋಲಿಸಿ ನೋಡಿದ್ದು ಎಂಬುದನ್ನು ಬಿಟ್ಟಿದ್ದೀರಿ. ಅದನ್ನು ಬಿಟ್ಟ ವೈದ್ಯಕೀಯ ಲೇಖನ ಜಾಹೀರಾತಿನಂತೆ ಕಾಣುತ್ತದೆ.

ಎರಡನೇ ಪ್ಯಾರಾದಲ್ಲೇ ಎಡವಿದ್ದೀರಿ. ‘ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದ ಈ ಪರೀಕ್ಷೆ ಆಲ್ಝೈಮರ್ ಕಾಯಿಲೆಯನ್ನು ಶೇ 91.7ರಷ್ಟು ನಿಖರವಾಗಿ ಪತ್ತೆ ಮಾಡುತ್ತದೆ’ ಎಂದು ಬರೆದಿದ್ದೀರಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಿಂದ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ಫ್ಯುಜಿರೆಬಿಯೊ ಕಂಪನಿಯ ಲುಮಿಪಲ್ಸ್ ಪರೀಕ್ಷೆಗೆ. ಅದು ಪ್ಲಾಸ್ಮಾದಲ್ಲಿರುವ (ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವ) ಪಿ-ಟೌ217 (ಫಾಸ್ಫೇಟ್ ಸೇರಿದ ಟೌ) ಮತ್ತು ಬೀಟಾ ಅಮೈಲಾಯ್ಡ್ 1-42 ಎಂಬ ಎರಡು ಪ್ರೋಟೀನ್‌ಗಳನ್ನು ಅಳೆದು ಅವುಗಳ ಅನುಪಾತ ಕೊಡುತ್ತದೆ. ಶೇ 91.7 ಎಂಬುದು ನಿಖರತೆಯ ಅಂಕಿಯೇ ಅಲ್ಲ. ಪರೀಕ್ಷೆ ಪಾಸಿಟಿವ್ ಎಂದವರಲ್ಲಿ ಅಷ್ಟು ಮಂದಿಗೆ ಪೆಟ್ ಸ್ಕ್ಯಾನ್‌ನಲ್ಲೋ ಬೆನ್ನಿನಿಂದ ತೆಗೆದ ಮಿದುಳು ದ್ರವದ ಪರೀಕ್ಷೆಯಲ್ಲೋ ಅಮೈಲಾಯ್ಡ್, ಅಂದರೆ ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಜಮೆಯಾಗುವ ಪ್ರೋಟೀನ್, ಇರುವುದು ಕಂಡುಬಂತು, ಅಷ್ಟೇ. ನೆಗೆಟಿವ್ ಎಂದವರಲ್ಲಿ ಶೇ 97.3 ಮಂದಿಗೆ ಅದು ಇರಲಿಲ್ಲ. ಒಟ್ಟು 499 ಮಂದಿಯಲ್ಲಿ ಶೇ 20ಕ್ಕಿಂತ ಸ್ವಲ್ಪ ಕಡಿಮೆ ಜನರಿಗೆ ಹೌದು ಎಂದೂ ಇಲ್ಲ ಎಂದೂ ಹೇಳಲಾಗದ ಫಲಿತಾಂಶ ಬಂತು. ಈ ಮೂರನೇ ಗುಂಪು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಅದು ಪರೀಕ್ಷೆಯ ದೋಷವಲ್ಲ, ಬೇಕೆಂದೇ ಇಟ್ಟ ಜಾಗ. ಒಂದೇ ಗಡಿಯ ಬದಲು ಕೆಳಗೊಂದು ಮೇಲೊಂದು ಗಡಿ ಹಾಕಿ, ನಡುವೆ ಬಿದ್ದವರನ್ನು ಸ್ಕ್ಯಾನ್‌ಗೆ ಅಥವಾ ದ್ರವ ಪರೀಕ್ಷೆಗೆ ಕಳುಹಿಸುತ್ತಾರೆ. ಹೌದು–ಇಲ್ಲ ಎರಡರಲ್ಲೂ ವಿಶ್ವಾಸ ಹೆಚ್ಚಿರುವುದು ಈ ವ್ಯವಸ್ಥೆಯಿಂದಲೇ.

ಆ ಒಪ್ಪಿಗೆ ಯಾರಿಗೆ ಅನ್ವಯಿಸುತ್ತದೆ ಎಂಬುದನ್ನೂ ಬರೆಯಿರಿ. 55 ವರ್ಷ ತುಂಬಿದ, ಮರೆವಿನಂಥ ಲಕ್ಷಣಗಳು ಆಗಲೇ ಇರುವ, ತಜ್ಞರ ಬಳಿಗೆ ಬಂದ ರೋಗಿಗಳಿಗೆ ಮಾತ್ರ. ನಲವತ್ತು ದಾಟಿದ ಆರೋಗ್ಯವಂತರಿಗೆ ಅಲ್ಲ.

ಇಲ್ಲಿ ಓದುಗರಿಗೆ ಒಂದು ಲೆಕ್ಕ ಮಾಡಿ ತೋರಿಸಿ, ನಿಮ್ಮ ವಾದ ತಾನಾಗಿಯೇ ಬದಲಾಗುತ್ತದೆ. ಅಮೈಲಾಯ್ಡ್ ಇರುವ 100 ಜನರಲ್ಲಿ 90 ಮಂದಿಯನ್ನು ಹಿಡಿಯುವ, ಇಲ್ಲದ 100 ಜನರಲ್ಲಿ 90 ಮಂದಿಯನ್ನು ಸರಿಯಾಗಿ ಬಿಡುವ ಪರೀಕ್ಷೆ ಇದೆ ಎಂದುಕೊಳ್ಳಿ. ಮರೆವಿನ ಕ್ಲಿನಿಕ್ಕಿಗೆ ಬಂದ 1000 ಮಂದಿಯಲ್ಲಿ 600 ಮಂದಿಗೆ ಅಮೈಲಾಯ್ಡ್ ಇದ್ದರೆ, 540 ನಿಜವಾದ ಪಾಸಿಟಿವ್, 40 ಸುಳ್ಳು ಪಾಸಿಟಿವ್. ಪಾಸಿಟಿವ್ ಎಂದು ಕೇಳಿಸಿಕೊಂಡವರಲ್ಲಿ ಶೇ 93 ಮಂದಿಗೆ ಅದು ನಿಜ. ಅದೇ ಪರೀಕ್ಷೆಯನ್ನು ಶೇ 10 ಮಂದಿಗಷ್ಟೇ ಅಮೈಲಾಯ್ಡ್ ಇರುವ 1000 ಜನರ ಗುಂಪಿಗೆ ಮಾಡಿ: ನಿಜವಾದ ಪಾಸಿಟಿವ್ 90, ಸುಳ್ಳು ಪಾಸಿಟಿವ್ ಕೂಡ 90. ಯಂತ್ರ ಅದೇ, ರಾಸಾಯನಿಕ ಅದೇ, ಆದರೆ ಮಾತಿನ ಬೆಲೆ ಅರ್ಧಕ್ಕರ್ಧ. ‘ನೆಗೆಟಿವ್’ ಎಂಬ ಮಾತು ಮಾತ್ರ ಎರಡನೇ ಗುಂಪಿನಲ್ಲೇ ಹೆಚ್ಚು ಗಟ್ಟಿ. 820 ನೆಗೆಟಿವ್‌ಗಳಲ್ಲಿ ತಪ್ಪಿದ್ದು 10 ಮಾತ್ರ. ಕ್ಲಿನಿಕ್ಕಿನಲ್ಲಿ 420ರಲ್ಲಿ 60 ತಪ್ಪು. ನಿಮ್ಮ ಮೂರು ಪುಟದ ‘ಕ್ರಾಂತಿ’ಯ ವರ್ಣನೆಗಿಂತ ಈ ನಾಲ್ಕು ಸಾಲಿನ ಲೆಕ್ಕ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಮೈಲಾಯ್ಡ್ ಇದ್ದಮಾತ್ರಕ್ಕೆ ಡಿಮೆನ್ಷಿಯಾ ಎಂದೂ ಆಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ನೆನಪಿನ ಶಕ್ತಿ ಸರಿಯಿರುವವರಲ್ಲೇ 50ನೇ ವಯಸ್ಸಿಗೆ ಸುಮಾರು ಶೇ 10, 90ನೇ ವಯಸ್ಸಿಗೆ ಸುಮಾರು ಶೇ 44 ಮಂದಿಯಲ್ಲಿ ಅಮೈಲಾಯ್ಡ್ ಕಾಣಿಸುತ್ತದೆ. ಹಾಗಾಗಿ ಎಂಬತ್ತರ ಆಸುಪಾಸಿನವರಲ್ಲಿ ಪರೀಕ್ಷೆ ಪಾಸಿಟಿವ್ ಬಂದರೂ ಅವರ ಮರೆವಿಗೆ ಕಾರಣ ಅದೇ ಎಂದು ತೀರ್ಮಾನಿಸುವ ಹಾಗಿಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಯ ತೊಂದರೆ, ಸೇವಿಸುತ್ತಿರುವ ಇತರ ಮಾತ್ರೆಗಳು, ಇವನ್ನೆಲ್ಲ ನೋಡುವುದು ಮೊದಲ ಕೆಲಸ. ಅವುಗಳ ಹೆಸರೇ ನಿಮ್ಮ ಲೇಖನದಲ್ಲಿಲ್ಲ.

ಸೂಚಕಗಳ ಪಟ್ಟಿ ಕೊಟ್ಟಿದ್ದೀರಿ, ಆದರೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಪಿ-ಟೌ217 ಆಲ್ಝೈಮರ್ ಬದಲಾವಣೆಗೆ ಹೆಚ್ಚು ನಿರ್ದಿಷ್ಟ. ಕಾಯಿಲೆ ಇರುವವರಲ್ಲಿ ಅದು ಹಲವು ಪಟ್ಟು ಏರುತ್ತದೆ, ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. ಅಮೈಲಾಯ್ಡ್ 42/40 ಅನುಪಾತದ (ಒಂದೇ ಪ್ರೋಟೀನಿನ ಎರಡು ಉದ್ದದ ರೂಪಗಳ ಅನುಪಾತ) ಕಥೆ ಬೇರೆ. ಅಮೈಲಾಯ್ಡ್ ಮಿದುಳಿನಲ್ಲಿ ಜಮೆಯಾದಾಗ ಮಿದುಳು ದ್ರವದಲ್ಲಿ ಆ ಅನುಪಾತ ಅರ್ಧದಷ್ಟು ಇಳಿದರೂ ರಕ್ತದಲ್ಲಿ ಇಳಿಯುವುದು ಸುಮಾರು ಶೇ 8ರಿಂದ 15 ಮಾತ್ರ, ಏಕೆಂದರೆ ಪ್ಲೇಟ್‌ಲೆಟ್ ಸೇರಿದಂತೆ ದೇಹದ ಬೇರೆ ಕಡೆಗಳಿಂದಲೂ ಅದೇ ಪ್ರೋಟೀನ್ ಬಂದು ಸೇರುತ್ತದೆ. ಇನ್ನು ನ್ಯೂರೋಫಿಲಮೆಂಟ್ ಲೈಟ್, ನೀವು ‘ಆಲ್ಝೈಮರ್ ಸೂಚಕ’ ಎಂದದ್ದು. ಯಾವುದೇ ಕಾರಣಕ್ಕೆ ನರತಂತು ಹಾಳಾದರೂ ಅದು ಏರುತ್ತದೆ. ಪಾರ್ಶ್ವವಾಯು, ತಲೆಗೆ ಪೆಟ್ಟು, ಮಲ್ಟಿಪಲ್ ಸ್ಕ್ಲೆರೋಸಿಸ್, ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಕಾಯಿಲೆ), ಕೊನೆಗೆ ಬರೀ ವಯಸ್ಸಾದರೂ ಏರುತ್ತದೆ. ಕಾಯಿಲೆಯ ಹೆಸರು ಅದು ಹೇಳುವುದಿಲ್ಲ, ಹಾನಿಯ ವೇಗ ಹೇಳುತ್ತದೆ. ಎಸ್‌ಒಡಿ1 ಜೀನ್ ದೋಷದ ಎಎಲ್‌ಎಸ್‌ಗೆ ಟೋಫರ್ಸೆನ್ ಎಂಬ ಔಷಧಕ್ಕೆ 2023ರಲ್ಲಿ ತ್ವರಿತ ಒಪ್ಪಿಗೆ ಸಿಕ್ಕಿದ್ದು ಈ ಪ್ರೋಟೀನ್ ಇಳಿದದ್ದನ್ನು ಆಧಾರವಾಗಿಟ್ಟುಕೊಂಡೇ. ಆ ಉದಾಹರಣೆ ಸೇರಿಸಿ, ಚೆನ್ನಾಗಿ ಕೂರುತ್ತದೆ. ಮಿದುಳಿನ ಪೋಷಕ ಕೋಶಗಳ ಪ್ರೋಟೀನ್ ಆದ ಜಿಎಫ್‌ಎಪಿಗೆ ಒಂದು ವಾಕ್ಯ ಸಾಕು.

ಲೇಖನದ ಅತಿ ದೊಡ್ಡ ಕೊರತೆ ಎಂದರೆ ರಕ್ತ ತೆಗೆದ ಮೇಲೆ ನೇರವಾಗಿ ಫಲಿತಾಂಶಕ್ಕೆ ಹಾರಿರುವುದು. ನಡುವಿನ ದಾರಿಯಲ್ಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ. ಮೊದಲು ಓದುಗರಿಗೆ ಪ್ರಮಾಣದ ಅಂದಾಜು ಕೊಡಿ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಪಿ-ಟೌ217 ಇರುವುದು ಸಾಮಾನ್ಯವಾಗಿ ಒಂದು ಪಿಕೊಗ್ರಾಮ್‌ಗಿಂತ (ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ) ಕಡಿಮೆ, ನ್ಯೂರೋಫಿಲಮೆಂಟ್ ಸುಮಾರು ಹತ್ತು ಪಿಕೊಗ್ರಾಮ್. ಅದೇ ಒಂದು ಮಿಲಿಲೀಟರ್‌ನಲ್ಲಿ ರಕ್ತದ ಮುಖ್ಯ ಪ್ರೋಟೀನ್ ಆದ ಆಲ್ಬುಮಿನ್ ಸುಮಾರು 40 ಮಿಲಿಗ್ರಾಮ್, ಅಂದರೆ ನ್ಯೂರೋಫಿಲಮೆಂಟ್‌ನ 400 ಕೋಟಿ ಪಟ್ಟು. ಇಂಥದ್ದನ್ನು ಅಳೆಯಬೇಕಾದರೆ ಸಣ್ಣ ಅಜಾಗರೂಕತೆಯೂ ಲೆಕ್ಕಕ್ಕೆ ಬರುತ್ತದೆ.

ಕ್ರಮ ಹೀಗಿದೆ. ‘ಒಂದು ಹನಿ’ ಅಲ್ಲ, ಕೆಲವು ಮಿಲಿಲೀಟರ್ ರಕ್ತವನ್ನು ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬಿಗೆ ತೆಗೆದುಕೊಂಡು, ಕುಲುಕದೆ, ಐದರಿಂದ ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಜೋರಾಗಿ ಅಲುಗಿಸಿದರೆ ಕೆಂಪು ಕಣಗಳು ಒಡೆಯುತ್ತವೆ. ಮೂರು ಗಂಟೆಯೊಳಗೆ 1800 ಜಿ ಬಲದಲ್ಲಿ (ಗುರುತ್ವದ 1800 ಪಟ್ಟು) ಹತ್ತು ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಗಿರಗಿರನೆ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಬೇಕು. ಅಷ್ಟರೊಳಗೆ ಆಗದಿದ್ದರೆ ಟ್ಯೂಬು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಆಮೇಲೆ ಪ್ಲಾಸ್ಮಾವನ್ನು ಪಾಲಿಪ್ರೊಪಿಲೀನ್ ಟ್ಯೂಬುಗಳಿಗೆ 250ರಿಂದ 1000 ಮೈಕ್ರೊಲೀಟರ್‌ನಂತೆ ಹಂಚಿ, ಮುಕ್ಕಾಲು ಭಾಗವಾದರೂ ತುಂಬುವಂತೆ ನೋಡಿಕೊಂಡು, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಬೇರೆ ಪ್ಲಾಸ್ಟಿಕ್ಕಾದರೆ, ಅಥವಾ ಅರೆ ತುಂಬಿದರೆ, ಅಮೈಲಾಯ್ಡ್ ಗೋಡೆಗೆ ಅಂಟಿಕೊಂಡು ಅಳತೆಗೆ ಸಿಗುವುದಿಲ್ಲ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಎರಡು ಸಲ ಮೀರಬಾರದು. ಸಿಟ್ರೇಟ್ ಟ್ಯೂಬಿನ ದ್ರವ ರಕ್ತವನ್ನು ತೆಳುವಾಗಿಸುವುದರಿಂದ ಅಂಕಿ ಇಳಿಯುತ್ತದೆ. ಒಬ್ಬರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಅಂಕಿಯನ್ನು ಇನ್ನೊಬ್ಬರ ಪ್ಲಾಸ್ಮಾ ಅಂಕಿಯ ಪಕ್ಕ ಇಡುವ ಹಾಗೂ ಇಲ್ಲ.

ಒಂದು ಟ್ಯೂಬನ್ನು ಹತ್ತಿರದಿಂದ ತೋರಿಸಿ. ಸೆಂಟ್ರಿಫ್ಯೂಜ್ ಆಗದೆ ಅದು ಮೇಜಿನ ಮೇಲೆ ಬೆಚ್ಚಗೆ ಕುಳಿತಿದೆ. ಪಿ-ಟೌ217 ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಅಮೈಲಾಯ್ಡ್ 42 ಕುಸಿಯುತ್ತದೆ. ಅದು ಶೇ 10 ಕುಸಿದರೆ ಪಿ-ಟೌ217/ಅಮೈಲಾಯ್ಡ್ 42 ಅನುಪಾತ ಸುಮಾರು ಶೇ 11 ಏರುತ್ತದೆ. ಕೆಳಗಿನ ಗಡಿಯ ಹತ್ತಿರವಿದ್ದ ವ್ಯಕ್ತಿ ನಡುವಿನ ವಲಯಕ್ಕೂ, ನಡುವಿನಲ್ಲಿದ್ದವರು ಪಾಸಿಟಿವ್‌ಗೂ ಜಾರಬಹುದು. ಮಿದುಳಿನಲ್ಲಿ ಏನೂ ಬದಲಾಗಿಲ್ಲ, ಟ್ಯೂಬು ಕಾದಿದೆ ಅಷ್ಟೇ. 42/40 ಅನುಪಾತದಲ್ಲಾದರೆ ಎರಡೂ ಇಳಿಯುವುದರಿಂದ ತಪ್ಪು ಸ್ವಲ್ಪ ಸರಿದೂಗುತ್ತದೆ.

ದೇಹದ ಸ್ಥಿತಿಯೂ ಅಂಕಿಯನ್ನು ಎಳೆದಾಡುತ್ತದೆ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇದ್ದರೆ ಪಿ-ಟೌ, ನ್ಯೂರೋಫಿಲಮೆಂಟ್ ಎರಡೂ ಏರುತ್ತವೆ. ದೇಹದ ತೂಕ ಹೆಚ್ಚಿದ್ದವರಲ್ಲಿ ಇಳಿಯುತ್ತವೆ. ಪಿ-ಟೌ217ನ್ನು ಫಾಸ್ಫೇಟ್ ಸೇರದ ಟೌ ಜೊತೆ ಅನುಪಾತವಾಗಿ ನೋಡಿದರೆ ಮೂತ್ರಪಿಂಡದ ಪ್ರಭಾವ ತಗ್ಗುತ್ತದೆ. ಕೆಲವು ಪ್ರಯೋಗಾಲಯಗಳು ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ (ಅಣುಗಳನ್ನು ತೂಕದಿಂದ ಗುರುತಿಸುವ ವಿಧಾನ) ಹಾಗೆ ಅಳೆಯುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಲೇಖನದಲ್ಲಿ ಮೂತ್ರಪಿಂಡ ಎಂಬ ಪದ ಒಮ್ಮೆಯೂ ಬರುವುದಿಲ್ಲ. ಈ ಪರೀಕ್ಷೆ ಮಾಡಿಸುವ ವಯಸ್ಸಿನವರಲ್ಲಿ ಆ ತೊಂದರೆ ಎಷ್ಟು ಸಾಮಾನ್ಯ ಎಂಬುದು ನಿಮಗೆ ಗೊತ್ತಿರದ ವಿಷಯವಲ್ಲ.

ಪಾರ್ಕಿನ್ಸನ್ ಭಾಗ ಪೂರ್ತಿ ತೆಗೆಯಿರಿ, ಇಲ್ಲವೇ ಹೊಸದಾಗಿ ಬರೆಯಿರಿ. ಪಾರ್ಕಿನ್ಸನ್‌ನಲ್ಲಿ ಮಿದುಳಿನಲ್ಲಿ ಜಮೆಯಾಗುವ ಪ್ರೋಟೀನ್ ಆಲ್ಫಾ ಸಿನ್ಯೂಕ್ಲಿನ್. ರಕ್ತದಲ್ಲಿ ಅದರ ಬಹುಪಾಲು ಇರುವುದು ಕೆಂಪು ರಕ್ತಕಣಗಳಲ್ಲಿ. ಒಂದಿಷ್ಟು ಕಣ ಒಡೆದರೂ ಅಳತೆ ಕೆಡುತ್ತದೆ. ಚೆನ್ನಾಗಿ ಕೆಲಸ ಮಾಡುವುದಾಗಿ ದೊಡ್ಡ ಅಧ್ಯಯನದಲ್ಲಿ ಸಿದ್ಧವಾದದ್ದು ಮಿದುಳು ದ್ರವದಲ್ಲಿ ಮಾಡುವ ಬೀಜ ವರ್ಧನ ಪರೀಕ್ಷೆ (ತಪ್ಪಾಗಿ ಮಡಚಿಕೊಂಡ ಸಿನ್ಯೂಕ್ಲಿನ್‌ನ ಅಲ್ಪ ಪ್ರಮಾಣವನ್ನು ಬೆಳೆಸಿ ಪತ್ತೆ ಮಾಡುವುದು): 2023ರಲ್ಲಿ 1123 ಮಂದಿಯ ಮೇಲೆ ನಡೆದದ್ದರಲ್ಲಿ ಪಾರ್ಕಿನ್ಸನ್ ಇರುವವರಲ್ಲಿ ಶೇ 87.7 ಮಂದಿಯನ್ನು ಅದು ಹಿಡಿಯಿತು. ನೀವು ಆ ಅಂಕಿಯನ್ನೇ ಎತ್ತಿ ‘ರಕ್ತ ಪರೀಕ್ಷೆ’ಯ ಕೆಳಗೆ ಕೂರಿಸಿದ್ದೀರಿ. ಇಂಥ ತಪ್ಪಿಗೆ ಅವಸರದ ನೆಪ ನಡೆಯುವುದಿಲ್ಲ.

ಪರೀಕ್ಷೆಯಿಂದ ಪ್ರಯೋಜನವೇ ಇಲ್ಲ ಎಂಬ ಧಾಟಿಗೂ ಹೊರಳಬೇಡಿ. ಮಿದುಳಿನ ಅಮೈಲಾಯ್ಡ್ ತೆಗೆಯುವ ಲೆಕನೆಮ್ಯಾಬ್, ಡೊನನೆಮ್ಯಾಬ್ ಎಂಬ ಔಷಧಗಳನ್ನು ಕೊಡುವ ಮುನ್ನ ಅಮೈಲಾಯ್ಡ್ ಇದೆಯೆಂದು ಖಚಿತವಾಗಬೇಕು, ಅವುಗಳಿಂದ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುವ ಅಪಾಯವಿದೆ. ಎಲ್ಲರನ್ನೂ ಪೆಟ್ ಸ್ಕ್ಯಾನ್‌ಗೆ ಕಳುಹಿಸುವುದು ಆಗದ ಮಾತು. ಆಲ್ಝೈಮರ್ಸ್ ಅಸೋಸಿಯೇಷನ್ 2025ರಲ್ಲಿ ಕೊಟ್ಟ ಮಾರ್ಗಸೂಚಿ, ತಜ್ಞರ ಬಳಿ ಬಂದ ರೋಗಿಗಳಿಗೆ, ಸೆನ್ಸಿಟಿವಿಟಿ (ಇರುವವರನ್ನು ಹಿಡಿಯುವ ಪ್ರಮಾಣ) ಕನಿಷ್ಠ ಶೇ 90 ಮತ್ತು ಸ್ಪೆಸಿಫಿಸಿಟಿ (ಇಲ್ಲದವರನ್ನು ಸರಿಯಾಗಿ ಬಿಡುವ ಪ್ರಮಾಣ) ಕನಿಷ್ಠ ಶೇ 75 ಇರುವ ಪರೀಕ್ಷೆಯನ್ನು ಸೋಸಿ ನೋಡಲು, ಎರಡೂ ಕನಿಷ್ಠ ಶೇ 90 ಇರುವುದನ್ನು ಸ್ಕ್ಯಾನ್ ಬದಲಿಗೆ ಬಳಸಬಹುದು ಎನ್ನುತ್ತದೆ. ಮಾರುಕಟ್ಟೆಯಲ್ಲಿರುವ ಹಲವು ಪರೀಕ್ಷೆಗಳು ಆ ಮಟ್ಟ ಮುಟ್ಟುವುದಿಲ್ಲ ಎಂದೂ ಅದೇ ಎಚ್ಚರಿಸುತ್ತದೆ. ನಿಮ್ಮ ಲೇಖನಕ್ಕೆ ಬೆನ್ನೆಲುಬಾಗಬೇಕಾದದ್ದು ಇದು.

ಶೀರ್ಷಿಕೆ ಬದಲಿಸಿ, ‘ನಲವತ್ತು ದಾಟಿದವರೆಲ್ಲ’ ಎಂಬ ಕೊನೆಯ ಪ್ಯಾರಾ ಹೊಡೆದುಹಾಕಿ, ಟ್ಯೂಬಿನ ದಾರಿಯನ್ನು ಮಧ್ಯಕ್ಕೆ ತನ್ನಿ. ತಿದ್ದಿದ ಪ್ರತಿಯಲ್ಲಿ ಪ್ರತಿ ಅಂಕಿಯ ಪಕ್ಕ ಅಂಚಿನಲ್ಲಿ ಎಷ್ಟು ಜನ, ಯಾವ ವಯಸ್ಸು, ಲಕ್ಷಣ ಇದ್ದವರೇ ಇಲ್ಲದವರೇ, ಯಾವುದಕ್ಕೆ ಹೋಲಿಸಿದ್ದು ಎಂದು ಬರೆದು ಕಳುಹಿಸಿ. ಅದು ಅಚ್ಚಿಗೆ ಹೋಗುವುದಿಲ್ಲ, ನಾವು ಪರಿಶೀಲಿಸುವುದಕ್ಕೆ. ಪ್ರಬಂಧದ ಸಾರಾಂಶವನ್ನಷ್ಟೇ ನೋಡಿ ಬರೆದರೆ ಈ ವಿವರ ಸಿಗುವುದು ಕಷ್ಟ. ಒಳಗೆ ಮೊದಲ ಕೋಷ್ಟಕದಲ್ಲೇ ಸಾಮಾನ್ಯವಾಗಿ ಇರುತ್ತದೆ.

ಇತಿ,
ಸಂಪಾದಕರು