ಪರಿಸರ ವಕೀಲಿ: ಸರ್ಕಾರಿ ಹುದ್ದೆಯೋ, ಸ್ವಂತ ಕಚೇರಿಯೋ?

ಪ್ರಶ್ನೆ: ನಾನು ಅಡಿಕೆ ಬೆಳೆಗಾರರ ಮನೆಯವಳು, ಶಿವಮೊಗ್ಗದಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪರಿಸರ ಕಾನೂನಿನಲ್ಲಿಯೇ ಮುಂದುವರಿಯುವ ಆಸೆಯಿದೆ. ಸಹಾಯಕ ಸರ್ಕಾರಿ ಅಭಿಯೋಜಕರ (ಕ್ರಿಮಿನಲ್ ಪ್ರಕರಣಗಳಲ್ಲಿ ಸರ್ಕಾರದ ಪರ ವಾದಿಸುವ ವಕೀಲರ) ಹುದ್ದೆಗೆ ಪ್ರಯತ್ನಿಸಲೇ, ಖಾಸಗಿಯಾಗಿ ವಕೀಲಿ ಮಾಡಲೇ? ಊರು ಬಿಡದೆ ಇದರಲ್ಲಿ ಬದುಕಬಹುದೆ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಮೊದಲ ಕೆಲವು ವರ್ಷ ಸಿವಿಲ್ ಮತ್ತು ಕಂದಾಯ ಪ್ರಕರಣಗಳನ್ನು ನಡೆಸುವ ಹಿರಿಯ ವಕೀಲರೊಬ್ಬರ ಕಚೇರಿ ಸೇರಿಕೊಳ್ಳಿ. ಅಭಿಯೋಜಕರ ಹುದ್ದೆಗೂ ವಕೀಲಿಯ ಅನುಭವ ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಮಲೆನಾಡಿನ ಪರಿಸರ ವ್ಯಾಜ್ಯಗಳು ಬಹುಪಾಲು ಭೂದಾಖಲೆಯ ವ್ಯಾಜ್ಯಗಳೇ ಆಗಿರುತ್ತವೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್‌ನ ಅಧಿಸೂಚನೆ ಮೀಸಲು ಅರಣ್ಯ ಮಾಡುವ ಉದ್ದೇಶವನ್ನಷ್ಟೇ ಸಾರುತ್ತದೆ. ಜನರ ಹಕ್ಕುಗಳ ವಿಚಾರಣೆ ಮುಗಿದ ಮೇಲೆ 17ನೇ ಸೆಕ್ಷನ್ ಅಡಿ ಅಂತಿಮ ಘೋಷಣೆಯಾಗಬೇಕು. ಈ ಎರಡರ ನಡುವೆ ದಶಕಗಳಿಂದ ನಿಂತುಹೋಗಿರುವ ಸರ್ವೆ ನಂಬರುಗಳು ನಮ್ಮಲ್ಲಿವೆ. ಪಹಣಿ, ಅಧಿಸೂಚನೆಯ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಮತ್ತು ಸರ್ವೆ ನಕ್ಷೆಯನ್ನು ಒಟ್ಟಿಗಿಟ್ಟು ಓದಬಲ್ಲ ವಕೀಲರು ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ರೈತರಿಗೂ ಬೇಕು, ಅರಣ್ಯ ಇಲಾಖೆಗೂ ಬೇಕು.

ಅಭಿಯೋಜಕರಾದರೆ ನಿಶ್ಚಿತ ಸಂಬಳವಿದೆ, ವರ್ಗಾವಣೆಯೂ ಇದೆ. ಕಳ್ಳತನ, ಹೊಡೆದಾಟ, ಅಪಘಾತಗಳ ರಾಶಿಯಲ್ಲಿ ಅರಣ್ಯ ಪ್ರಕರಣಗಳು ಕೆಲವೇ. ಆದರೂ ಆ ಕೆಲವಕ್ಕೆ ಒಳ್ಳೆಯ ಅಭಿಯೋಜಕರು ಸಿಗಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಕದ್ದು ಕಡಿದ ಮರದ ದಿಮ್ಮಿ ಯಾವ ಸರ್ವೆ ನಂಬರಿನಲ್ಲಿ ಸಿಕ್ಕಿತೆಂದು ಮಹಜರಿನಲ್ಲಿ (ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ದಾಖಲೆಯಲ್ಲಿ) ಬರೆಯದೆ ಬಿಟ್ಟಿದ್ದರೆ, ಅಥವಾ ಕಚೇರಿಯಲ್ಲೇ ಸಹಿ ಹಾಕಿಸಿಕೊಂಡರೆಂದು ಪಂಚರು, ಅಂದರೆ ಆ ಸಾಕ್ಷಿಗಳು, ಪಾಟೀಸವಾಲಿನಲ್ಲಿ (ಎದುರು ವಕೀಲರ ಪ್ರಶ್ನೆಗಳಿಗೆ ಉತ್ತರಿಸುವಾಗ) ಹೇಳಿಬಿಟ್ಟರೆ, ಪ್ರಕರಣ ಅಲ್ಲಿಗೇ ಬಿದ್ದುಹೋಗಬಹುದು.

ಖಾಸಗಿ ವಕೀಲಿಯಲ್ಲಿ ನೀವು ಮೊದಲು ಕಾಯಬೇಕಾದದ್ದು ಕಾಲಮಿತಿಯನ್ನು. ಊರ ಪಕ್ಕ ಕಲ್ಲುಕ್ವಾರಿ ಬಂದರೆ ಜನರು ಪಂಚಾಯ್ತಿಗೆ, ತಹಶೀಲ್ದಾರರಿಗೆ ಮನವಿ ಕೊಡುತ್ತ ತಿಂಗಳುಗಟ್ಟಲೆ ಕಾಯುತ್ತಾರೆ. ಆದರೆ 2010ರ ಕಾಯ್ದೆಯಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವ್ಯಾಜ್ಯಕಾರಣ (ದೂರಿಗೆ ಕಾರಣವಾದ ಸಂಗತಿ) ಮೊದಲು ಹುಟ್ಟಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ಸಕಾರಣವಿದ್ದರೆ ಇನ್ನು 60 ದಿನ ಮಾತ್ರ. ಪರಿಸರ ಅನುಮತಿಯನ್ನೇ ಪ್ರಶ್ನಿಸುವ ಮೇಲ್ಮನವಿಗಂತೂ 30 ದಿನ, ಅದರ ಮೇಲೆ ಹೆಚ್ಚೆಂದರೆ 60. ನಮ್ಮ ರಾಜ್ಯ ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಸೇರಿದೆ. ಕುದುರೆಮುಖ ಗಣಿಗಾರಿಕೆಯ ಬಗ್ಗೆ ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪನ್ನು ಪೂರ್ತಿ ಓದಿ. 2005ರ ಕೊನೆಗೆ ಗಣಿ ನಿಲ್ಲಬೇಕೆಂಬ ನಿರ್ಧಾರದ ಹಿಂದೆ ಗುತ್ತಿಗೆಯ ಅವಧಿ ಮತ್ತು ಅರಣ್ಯ ಸಲಹಾ ಸಮಿತಿಯ ಶಿಫಾರಸು ಎಷ್ಟು ತೂಗಿದವೆಂಬುದು ತಿಳಿಯುತ್ತದೆ.

ಶಿವಮೊಗ್ಗದಲ್ಲಿ ಪರಿಸರ ಪ್ರಕರಣಗಳಿಂದಲೇ ಮನೆ ನಡೆಯುವುದು ಆರಂಭದಲ್ಲಿ ಕಷ್ಟ. ಪಾಲುವಿಭಾಗದ ದಾವೆಗಳನ್ನೂ, ಗಿರಣಿ–ರೆಸಾರ್ಟಿನವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಕೆಲಸವನ್ನೂ ಒಪ್ಪಿಕೊಳ್ಳಿ. ಉದ್ಯಮಿಯನ್ನು ಕಾನೂನಿನ ಚೌಕಟ್ಟಿಗೆ ತರುವುದೂ ಪರಿಸರದ ಕೆಲಸವೇ. ಒಂದು ಎಚ್ಚರಿಕೆಯಿರಲಿ. ಒಂದು ಪಕ್ಷಕ್ಕೆ ಸಲಹೆ ಕೊಟ್ಟ ವಿಷಯದಲ್ಲಿ ಎದುರು ಪಕ್ಷದ ಪರವಾಗಿ ನಿಲ್ಲುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ. ಮುಂದೆ ಹುದ್ದೆಗೆ ಸೇರಿದರೂ, ಬಿಟ್ಟು ಬಂದರೂ ಈ ಪ್ರಶ್ನೆ ಏಳುವುದರಿಂದ, ಯಾರಿಗೆ ಯಾವ ಜಮೀನಿನ ಬಗ್ಗೆ ಸಲಹೆ ಕೊಟ್ಟಿರೆಂಬುದನ್ನು ಮೊದಲ ದಿನದಿಂದಲೇ ಬರೆದಿಟ್ಟುಕೊಳ್ಳಿ.