ಕಾಸ್ 30 ಹಾಕಿದ್ರೆ ಶೀಟ್ 26 ಮೀಟರ್ ಯಾಕಾಯ್ತು?

ಪ್ರಶ್ನೆ: ಸರ್, ನಮ್ಮಪ್ಪಂದು ಚಿಂಚವಾಡದಲ್ಲಿ ಫ್ಯಾಬ್ರಿಕೇಶನ್ ಕೆಲಸ, ಇಲ್ಲಿ ಗಾಳಾ ಅಂತಾರಲ್ಲ ಅಂಥದೊಂದು ಚಿಕ್ಕ ಜಾಗ ಬಾಡಿಗೆಗೆ ತಗೊಂಡು ಶೆಡ್ ಮಾಡಿಕೊಡ್ತಾರೆ. ನಾನು ಡಿಪ್ಲೊಮಾ ಎರಡನೇ ವರ್ಷ. ಚಾವಣಿ ಶೀಟಿನ ಉದ್ದ ತೆಗೆಯೋಕೆ ಪೈಥಾನಲ್ಲಿ ಪ್ರೋಗ್ರಾಂ ಬರೆದೆ. ಗೋಡೆಯಿಂದ ನಡುವಿನ ತನಕ 4 ಮೀಟರ್, ಇಳಿಜಾರು 30 ಡಿಗ್ರಿ, 4 ಅನ್ನ ಕಾಸ್ 30ರಿಂದ ಭಾಗಿಸಿದ್ರೆ 4.62 ಬರಬೇಕು, ಬಂದಿದ್ದು 25.93. ಅಪ್ಪ ನೋಡಿ ಈ ಶೀಟ್ ಪಕ್ಕದ ಗಾಳಾ ದಾಟಿ ಹೋಗುತ್ತಲ್ಲಮ್ಮಾ ಅಂದ್ರು. ತಪ್ಪು ಎಲ್ಲಿದೆ?
- ಒಬ್ಬ ಓದುಗಳು, ಚಿಂಚವಾಡ, ಪುಣೆ

ಉತ್ತರ: ನಿಮ್ಮ ಫಾರ್ಮುಲಾ ಸರಿ ಇದೆ. ನೀವು ಕೊಟ್ಟ 30 ಡಿಗ್ರಿಲಿದೆ ಅನ್ನೋದು ಪೈಥಾನಿಗೆ ಗೊತ್ತಿಲ್ಲ ಅಷ್ಟೆ. ಸಿ, ಜಾವಾ, ಜಾವಾಸ್ಕ್ರಿಪ್ಟ್, ಎಕ್ಸೆಲ್ ಕೂಡ, ಇವೆಲ್ಲದರಲ್ಲೂ ಸೈನ್ ಕಾಸ್ ಟ್ಯಾನ್‌ಗೆ ರೇಡಿಯನ್ನೇ ಕೊಡಬೇಕು, ಅದು ಕೋನ ಅಳೆಯೋ ಇನ್ನೊಂದು ಮಾನ. 30 ರೇಡಿಯನ್ ಅಂದ್ರೆ 4 ಸುತ್ತು ಪೂರ್ತಿ ತಿರುಗಿ ಮೇಲೆ ಸುಮಾರು 279 ಡಿಗ್ರಿ, ಅದರ ಕಾಸ್ 0.154, ಅದರಿಂದ 4 ಅನ್ನ ಭಾಗಿಸಿದ್ದಕ್ಕೇ ಅಷ್ಟುದ್ದ ಬಂತು.

ಉತ್ತರ ಅಷ್ಟು ವಿಚಿತ್ರವಾಗಿ ಬಂದಿದ್ದೇ ಒಳ್ಳೇದಾಯ್ತು ನೋಡಿ. ಇಳಿಜಾರು 25 ಡಿಗ್ರಿ ಇದ್ದಿದ್ರೆ ಇದೇ ಪ್ರೋಗ್ರಾಂ 4.04 ಅಂತ ಕೊಡ್ತಿತ್ತು, ನೋಡೋಕೆ ಸರಿಯಾಗೇ ಕಾಣುತ್ತೆ, ನಿಜವಾದ ಉದ್ದ 4.41, ಶೀಟ್ ಕಟ್ ಮಾಡಿ ಮೇಲೆ ಹತ್ತಿಸಿದ ಮೇಲೆ ಹತ್ತಿರ 38 ಸೆಂಟಿಮೀಟರ್ ಕಮ್ಮಿ ಅಂತ ಗೊತ್ತಾಗೋದು! ಅದಕ್ಕೇ ಹೊಸ ಪ್ರೋಗ್ರಾಂ ಬರೆದಾಗ ಮೊದಲು 60 ಡಿಗ್ರಿ ಹಾಕಿ ನೋಡಿ, ಕಾಸ್ ಅರ್ಧ ಬರಬೇಕು.

ರಿಪೇರಿ ಸುಲಭ. ಮ್ಯಾಥ್ ಲೈಬ್ರರಿಲಿ ರೇಡಿಯನ್ಸ್ ಅಂತ ಫಂಕ್ಷನ್ ಇದೆ, 30 ಅನ್ನ ಅದರೊಳಗೆ ಹಾಕಿ ಬಂದಿದ್ದನ್ನ ಕಾಸ್‌ಗೆ ಕೊಡಿ, 4.6188 ಬರುತ್ತೆ. ಎಕ್ಸೆಲ್‌ನಲ್ಲೂ ಅದೇ ಹೆಸರಿನ ಫಂಕ್ಷನ್ ಇದೆ.

ಡಿಗ್ರಿ ಬಿಟ್ಟು ಈ ರೇಡಿಯನ್ ಯಾಕೆ ಅಂತ ಅನ್ನಿಸಬಹುದು. ಇದು ನನಗೆ ತುಂಬಾ ಇಷ್ಟದ ವಿಷಯ. ವೃತ್ತವನ್ನ 360 ಭಾಗ ಮಾಡಿದ್ದು ನಾವು, ರೇಡಿಯನ್ ಹಾಗಲ್ಲ, ಕಂಸದ ಉದ್ದ ತ್ರಿಜ್ಯದ ಎಷ್ಟು ಪಾಲು ಅನ್ನೋದೇ ಅದು. ಆರ್ಯಭಟ 499ರಲ್ಲಿ ಜ್ಯಾ (ಅಂದ್ರೆ ಸೈನ್‌ ಅನ್ನ ತ್ರಿಜ್ಯದಿಂದ ಗುಣಿಸಿದ್ದು) ಕೋಷ್ಟಕ ಕೊಟ್ಟಾಗ ತ್ರಿಜ್ಯ 3438 ಅಂತ ಹಿಡಿದಿದ್ರು, ಯಾಕಂದ್ರೆ ವೃತ್ತದ ಸುತ್ತಳತೆ 21600 ಕಲೆ (ಒಂದು ಡಿಗ್ರಿಗೆ 60 ಕಲೆ) ಅಂತ ತಗೊಂಡ್ರೆ ತ್ರಿಜ್ಯ ಅಷ್ಟಾಗುತ್ತೆ. ಅಂದ್ರೆ ಕಂಸಕ್ಕೂ ಜ್ಯಾಗೂ ಒಂದೇ ಅಳತೆ, ಮೊದಲನೇ ಸಾಲಲ್ಲಿ ಕಂಸ 225, ಜ್ಯಾನೂ 225! ರೇಡಿಯನ್ ಹಿಂದಿರೋ ಯೋಚನೆ ಇದೇ, ಸಣ್ಣ ಕೋನಕ್ಕೆ ಸೈನ್ ಹೆಚ್ಚುಕಮ್ಮಿ ಆ ಕೋನವೇ ಆಗಿರುತ್ತೆ, ಡಿಗ್ರಿಲಿ ಹಾಗಾಗಲ್ಲ, ಹಾಗಾಗಿ ಸೈನ್ ಲೆಕ್ಕ ಹಾಕೋ ಸರಣಿಗಳು ರೇಡಿಯನ್ನಲ್ಲೇ ಸರಳವಾಗಿ ಕೂರ್ತವೆ. ನಾವು ಬಳಸೋ ಸೈನ್ ಅನ್ನೋ ಹೆಸರೂ ಸಂಸ್ಕೃತದ ಜ್ಯಾ, ಜೀವಾ ಇಂದ ಅರಬ್ಬಿ, ಲ್ಯಾಟಿನ್ ಸುತ್ತಿ ಬಂದಿದ್ದು.

ಇನ್ನೊಂದು. ಆ 60 ಡಿಗ್ರಿ ಟೆಸ್ಟಲ್ಲಿ 0.5000000000000001 ಅಂತ ಬಂದ್ರೆ ಗಾಬರಿ ಬೇಡ. ಪೈ ಬೆಲೆ ಕಂಪ್ಯೂಟರೊಳಗೆ ಪೂರ್ತಿ ಹಿಡಿಸಲ್ಲ, ಕೊನೇಲಿ ಒಂಚೂರು ಉಳ್ಕೊಳ್ಳುತ್ತೆ. ಅದಕ್ಕೆ 0.5ಕ್ಕೆ ಸಮಾನಾ ಅಂತ ಚೆಕ್ ಮಾಡೋ ಬದಲು, ಎರಡು ಸಂಖ್ಯೆ ತೀರಾ ಹತ್ತಿರ ಇವೆಯಾ ಅಂತ ನೋಡೋ ಈಸ್‌ಕ್ಲೋಸ್ ಬಳಸಿ. ಮಿಲಿಮೀಟರ್‌ಗೆ ರೌಂಡ್ ಮಾಡೋದು ಕೊನೇಲಿ ಮಾತ್ರ, ನಡುವೆ ಬೇಡ.

ಅಪ್ಪ ಸೈಟಲ್ಲಿ ಕೋನ ಅಳೆಯೋದಕ್ಕಿಂತ ಟೇಪ್ ಹಿಡಿದು ಎತ್ತರ ಅಳೆಯೋದೇ ಜಾಸ್ತಿ ಇರಬೇಕು. ಆಗ ಅಳತೆಗಳಿಂದ ಕೋನ ತೆಗೆದುಕೊಡೋ ಎಟ್ಯಾನ್2 ಫಂಕ್ಷನ್ ಬಳಸಿ, ಮೊದಲು ಎತ್ತರ ಆಮೇಲೆ ಅಡ್ಡ ಅಳತೆ, ಎತ್ತರ 2 ಅಡ್ಡ 4 ಕೊಟ್ಟು ಬಂದ ರೇಡಿಯನ್ನನ್ನ ಡಿಗ್ರೀಸ್ ಫಂಕ್ಷನ್‌ಗೆ ಹಾಕಿದ್ರೆ 26.57 ಬರುತ್ತೆ. ಮತ್ತೆ ಪುಣೆ ಮಳೆಗೆ ಶೀಟು ಗೋಡೆಯಿಂದ ಒಂದಡಿ ಹೊರಗೆ ಬರಬೇಕಲ್ಲ, ಆ 0.3 ಮೀಟರನ್ನ ಭಾಗಿಸೋಕೆ ಮುಂಚೆನೇ 4ಕ್ಕೆ ಸೇರಿಸಿ, 30 ಡಿಗ್ರಿಗೆ 4.965 ಮೀಟರ್ ಆಗುತ್ತೆ.