ಸಮುದ್ರವೇ ಇಲ್ಲದ ದಕ್ಷಿಣ ಅಮೆರಿಕದ ದೇಶ ಬೊಲಿವಿಯಾಕ್ಕೆ ನೌಕಾಪಡೆ ಯಾಕಿದೆ?

ಯಾಕಂದ್ರೆ ಒಂದು ಕಾಲದಲ್ಲಿ ಅವರಿಗೂ ಸಮುದ್ರ ಇತ್ತು. 1825ರಲ್ಲಿ ಸ್ವತಂತ್ರವಾದಾಗ ಅಟಕಾಮ ಮರುಭೂಮಿಯ ಒಂದಿಷ್ಟು ಕರಾವಳಿ ಬೊಲಿವಿಯಾದ್ದೇ ಆಗಿತ್ತು. ಅಲ್ಲಿ ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ನೈಟ್ರೇಟ್ ಸಿಗುತ್ತಿತ್ತು, ಅದನ್ನು ತೆಗೆಯುತ್ತಿದ್ದ ಪಕ್ಕದ ದೇಶ ಚಿಲಿಯ ಕಂಪನಿಗೆ ಬೊಲಿವಿಯಾ ಹೊಸ ತೆರಿಗೆ ಹಾಕಿತು, ಜಗಳ ಬೆಳೆದು 1879ರಲ್ಲಿ ಚಿಲಿ ಸೈನ್ಯ ಆಂಟೊಫಗಸ್ಟಾ ಬಂದರಿಗೆ ನುಗ್ಗಿತು. ಪೆರು ಬೊಲಿವಿಯಾದ ಜೊತೆಗಿದ್ದರೂ ಇಬ್ಬರೂ ಸೋತರು. 1904ರ ಒಪ್ಪಂದದಲ್ಲಿ ಕರಾವಳಿ ಪೂರ್ತಿ ಕೈಬಿಟ್ಟುಹೋಯಿತು. ಬದಲಿಗೆ ಚಿಲಿ ಅರಿಕಾ ಬಂದರಿನಿಂದ ಬೊಲಿವಿಯಾದ ಲಾ ಪಾಜ್ ನಗರಕ್ಕೆ ರೈಲು ಹಾಕಿಕೊಟ್ಟಿತು. ಸಮುದ್ರಕ್ಕೆ ರೈಲು ಸಮ ಅಲ್ಲ, ಅಲ್ವಾ?

ಆ ನೋವು ಇನ್ನೂ ಆರಿಲ್ಲ. ಪ್ರತಿ ಮಾರ್ಚ್ 23ರಂದು ‘ಸಮುದ್ರ ದಿನ’ ಆಚರಿಸುತ್ತಾರೆ. ಮಾತುಕತೆಗೆ ಬರುವ ಹೊಣೆ ಚಿಲಿಗಿದೆ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋದರು, 2018ರಲ್ಲಿ ಸೋತರು. ನೌಕಾಪಡೆ ಮಾತ್ರ ಸುಮ್ನೆ ಹೆಸರಿಗಿಲ್ಲ: ಸುಮಾರು 3,800 ಮೀಟರ್ ಎತ್ತರದ ಟಿಟಿಕಾಕಾ ಸರೋವರದಲ್ಲಿ, ಅಮೆಜಾನ್ ಕಡೆ ಹರಿಯುವ ನದಿಗಳಲ್ಲಿ ಕಾವಲು ಕಾಯುತ್ತದೆ, ಕಳ್ಳಸಾಗಣೆ ತಡೆಯುತ್ತದೆ.

ಇನ್ನೊಂದು ಗೊಂದಲ: ಸಂವಿಧಾನದ ಪ್ರಕಾರ ರಾಜಧಾನಿ ಸುಕ್ರೆ, ಸುಪ್ರೀಂ ಕೋರ್ಟ್ ಇರುವುದೂ ಅಲ್ಲೇ. ಸರ್ಕಾರ, ಸಂಸತ್ತು ಲಾ ಪಾಜ್‌ನಲ್ಲಿವೆ. ಜನ, ವ್ಯಾಪಾರ ಜಾಸ್ತಿ ಇರುವುದು ಪೂರ್ವದ ಬಯಲಿನ ಸಾಂತಾ ಕ್ರೂಜ್‌ನಲ್ಲಿ.